ಮುಚ್ಚಿದ ಲಕೋಟೆಯ ಮೇಷ್ಟ್ರು

ನಾನು ಮೆಡಿಕಲ್ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವವನು ಅಂದ ಕೂಡಲೇ ಎದುರಿಗಿದ್ದವರ ಮುಖದಲ್ಲಿ ಒಂದು ಪ್ರಶ್ನೆ ಮೂಡುತ್ತದೆ. ಡಾಕ್ಟರುಗಳ ಮಧ್ಯೆ ಲೆಕ್ಕದ ಮೇಷ್ಟ್ರಿಗೆ ಏನು ಕೆಲಸ? ಮದುವೆ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿ, ಈಗೀಗ "ಮೇಷ್ಟ್ರು" ಅಂತಷ್ಟೇ ಹೇಳಿ ಸುಮ್ಮನಾಗುತ್ತೇನೆ.

ನಮಗೂ ಒಂದು ಸೀಸನ್ ಅಂತ ಇದೆ. ಪಿ.ಜಿ. ವಿದ್ಯಾರ್ಥಿಗಳು ಥೀಸಿಸ್ ಕೊಡುವ ಕಾಲ. ಆಗ ನಮ್ಮ ಕೋಣೆಯ ಮುಂದೆ ರೇಷನ್ ಅಂಗಡಿಯ ಹಾಗೆ ಸಾಲು. ಒಂದು ಸಲ ಒಬ್ಬಳು ಹುಡುಗಿ ಪೆನ್ ಡ್ರೈವ್ ಹಿಡಿದು ಬಂದಳು. "ಸಾರ್, ನಾಡಿದ್ದು ಕೊನೇ ದಿನ. ಪಿ ವ್ಯಾಲ್ಯೂ ಒಂದು ಹಾಕ್ಕೊಟ್ಬಿಡಿ ಸಾರ್." ಎರಡು ಔಷಧಗಳ ಹೋಲಿಕೆ ಅದು. ಹೊಸ ಔಷಧ ಕೊಟ್ಟವರು ಹಳೆಯದು ಕೊಟ್ಟವರಿಗಿಂತ ನಿಧಾನವಾಗಿ ಗುಣವಾಗಿದ್ದರು. ಯಾರಿಗೆ ಹೊಸದು ಯಾರಿಗೆ ಹಳೆಯದು ಅಂತ ಹೇಗೆ ಹಂಚಿದೆಯಮ್ಮಾ ಅಂದೆ. "ಸೋಮವಾರ ಬಂದವರಿಗೆ ಹೊಸದು, ಗುರುವಾರ ಬಂದವರಿಗೆ ಹಳೇದು ಸಾರ್." ಭಾನುವಾರವೆಲ್ಲ ಹಳ್ಳಿಯಲ್ಲಿ ಕಾದು, ರೋಗ ಜೋರಾದ ಮೇಲೆ ಸೋಮವಾರದ ಮೊದಲ ಬಸ್ಸು ಹಿಡಿದು ಬರುವವರು ಎಷ್ಟು ಜನ ಅಂತ ಆ ಮಗುವಿಗೆ ಯಾರೂ ಹೇಳಿರಲಿಲ್ಲ. ಎರಡು ವರ್ಷದ ದುಡಿಮೆ. ಪಿ ವ್ಯಾಲ್ಯೂ ಹಾಕಿಕೊಟ್ಟೆ, ಅದಕ್ಕೇನು, ಕಂಪ್ಯೂಟರ್ ಯಾವ ಅಂಕಿ ಕೊಟ್ಟರೂ ಉತ್ತರ ಕೊಡುತ್ತದೆ. ಆದರೆ ಆ ಉತ್ತರಕ್ಕೆ ಅರ್ಥ ಇರಲಿಲ್ಲ. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನ ಹತ್ತಿರ ಬರುವುದು ಶವಪರೀಕ್ಷೆಗೆ ಕರೆದ ಹಾಗೆ ಅಂತ ರೊನಾಲ್ಡ್ ಫಿಶರ್ 1938ರಲ್ಲಿ ಕಲ್ಕತ್ತಾದಲ್ಲಿ, ಮೊದಲ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನದಲ್ಲಿ, ಹೇಳಿದ್ದರು. ಅಷ್ಟು ವರ್ಷದ ಹಿಂದೆ, ಅದೂ ನಮ್ಮ ದೇಶದಲ್ಲೇ ಹೇಳಿದ ಮಾತು!

ಆ ಹುಡುಗಿ ಹೋದ ಮೇಲೆ ನನಗೆ ನೆನಪಾದವರು ಆಸ್ಟಿನ್ ಬ್ರ್ಯಾಡ್‌ಫರ್ಡ್ ಹಿಲ್. ವೈದ್ಯರಿಗೆ "ಮೊದಲೇ ಬನ್ನಿ" ಅಂತ ಹೇಳಿ, ಅವರು ನಿಜವಾಗಿಯೂ ಬರುವ ಹಾಗೆ ಮಾಡಿದ ಮನುಷ್ಯ. ಈ ಹೆಸರು ನಮ್ಮ ಪಠ್ಯದಲ್ಲಿ ಒಂದು ಪಟ್ಟಿಯ ತಲೆಬರಹವಾಗಿ ಮಾತ್ರ ಬರುತ್ತದೆ, ಪರೀಕ್ಷೆಗೆ ಐದು ಮಾರ್ಕಿನ ಪ್ರಶ್ನೆ. ಮನುಷ್ಯನ ಕಥೆ ಯಾರೂ ಹೇಳುವುದಿಲ್ಲ. ಅದನ್ನೇ ಇವತ್ತು ಬರೆಯೋಣ ಅಂತ.

ಹಿಲ್ ಹುಟ್ಟಿದ್ದು 1897ರ ಜುಲೈ 8ರಂದು, ಲಂಡನ್ನಿನಲ್ಲಿ. ತಂದೆ ಲೆನಾರ್ಡ್ ಹಿಲ್ ದೊಡ್ಡ ಶರೀರಶಾಸ್ತ್ರಜ್ಞ. ಮಗನಿಗೂ ಡಾಕ್ಟರಾಗುವ ಆಸೆ. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಹುಡುಗ ನೌಕಾಪಡೆಯ ವಿಮಾನ ವಿಭಾಗಕ್ಕೆ ಸೇರಿ ಪೈಲಟ್ ಆದ, ಏಜಿಯನ್ ಸಮುದ್ರದ ಕಡೆಗೆ ಹೋದ. ಅಲ್ಲಿಂದ ತಂದದ್ದು ಪದಕವನ್ನಲ್ಲ, ಕ್ಷಯ ರೋಗವನ್ನು. 1917ರಲ್ಲಿ ಮನೆಗೆ ವಾಪಸು ಕಳಿಸಿದರು. ಕ್ಷಯಕ್ಕೆ ಆಗ ಔಷಧ ಅಂತ ಇರಲಿಲ್ಲ. ಹಾಸಿಗೆಯಲ್ಲಿ ಮಲಗುವುದು, ಒಳ್ಳೆ ಗಾಳಿ, ಒಳ್ಳೆ ಊಟ, ಹೆಚ್ಚೆಂದರೆ ಎದೆಗೂಡಿಗೆ ಸೂಜಿಯಿಂದ ಗಾಳಿ ತುಂಬಿ ರೋಗ ಹಿಡಿದ ಶ್ವಾಸಕೋಶವನ್ನು ಮಡಿಸಿ ಅದಕ್ಕೆ ವಿಶ್ರಾಂತಿ ಕೊಡುವುದು. ಹಿಲ್‌ಗೂ ಅದನ್ನು ಮಾಡಿದರು. ಹುಡುಗ ಉಳಿಯುವುದಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. ಸರ್ಕಾರವೂ ಹಾಗೇ ಲೆಕ್ಕ ಹಾಕಿ, ನೂರಕ್ಕೆ ನೂರು ಅಂಗವೈಕಲ್ಯ ಎಂದು ಬರೆದು ಪೂರ್ತಿ ಪಿಂಚಣಿ ಮಂಜೂರು ಮಾಡಿತು. ಹೇಗೂ ಹೆಚ್ಚು ದಿನ ಕೊಡಬೇಕಾಗಿಲ್ಲವಲ್ಲ! ಆ ಪಿಂಚಣಿಯನ್ನು ಹಿಲ್ 74 ವರ್ಷ ತೆಗೆದುಕೊಂಡರು. ಸರ್ಕಾರಿ ಅಂದಾಜಿನ ಗುಣಮಟ್ಟ ಎಲ್ಲ ದೇಶದಲ್ಲೂ ಒಂದೇ ಅನ್ನಿಸುತ್ತದೆ.

ಎರಡು ವರ್ಷ ಹಾಸಿಗೆ. ಎದ್ದಾಗ ಡಾಕ್ಟರ್ ಓದುವ ಮಾತೇ ಇರಲಿಲ್ಲ, ದೇಹ ತಾಳುತ್ತಿರಲಿಲ್ಲ. ತಂದೆಯ ಪರಿಚಯದವರು ಮೇಜರ್ ಗ್ರೀನ್‌ವುಡ್ (ಮೇಜರ್ ಅನ್ನುವುದು ಸೈನ್ಯದ ಹುದ್ದೆಯಲ್ಲ, ಅಪ್ಪ ಅಮ್ಮ ಇಟ್ಟ ಹೆಸರೇ ಅದು). ಇವರು ವೈದ್ಯರೂ ಹೌದು, ಲೆಕ್ಕದವರೂ ಹೌದು. ಅವರ ಸಲಹೆಯಂತೆ ಹಿಲ್ ಮಲಗಿದಲ್ಲಿಂದಲೇ ಅಂಚೆ ಮೂಲಕ ಓದಿ 1922ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಪದವಿ ಪಡೆದರು. ಯಾವುದರಲ್ಲಿ ಗೊತ್ತೆ? ಅರ್ಥಶಾಸ್ತ್ರದಲ್ಲಿ. ವೈದ್ಯಕೀಯದಲ್ಲೂ ಅಲ್ಲ, ಸಂಖ್ಯಾಶಾಸ್ತ್ರದಲ್ಲೂ ಅಲ್ಲ. ಆಮೇಲೆ ಗ್ರೀನ್‌ವುಡ್ ಕೈಕೆಳಗೆ ಕೆಲಸ, ಜೊತೆಗೆ ಕಾರ್ಲ್ ಪಿಯರ್ಸನ್ ತರಗತಿಗಳು. ಎಸೆಕ್ಸ್ ಜಿಲ್ಲೆಯ ಹಳ್ಳಿಗಳಲ್ಲಿ ವಯಸ್ಸಿನ ಹುಡುಗ ಹುಡುಗಿಯರು ಯಾಕೆ ಹೆಚ್ಚು ಸಾಯುತ್ತಾರೆ, ಹಳ್ಳಿಯ ಗಟ್ಟಿಮುಟ್ಟಾದವರೆಲ್ಲ ಪಟ್ಟಣಕ್ಕೆ ಹೋಗಿ ದುರ್ಬಲರು ಉಳಿಯುವುದರಿಂದಲೇ ಎಂಬುದನ್ನು ಹುಡುಕುವುದು ಮೊದಮೊದಲ ಕೆಲಸಗಳಲ್ಲೊಂದು. ಗ್ರೀನ್‌ವುಡ್ ಲಂಡನ್ನಿನ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್ ಶಾಲೆಗೆ ಪ್ರೊಫೆಸರ್ ಆಗಿ ಹೋದಾಗ ಹಿಲ್ ಕೂಡ ಹೋದರು. 1945ರಲ್ಲಿ ಅದೇ ಕುರ್ಚಿಯಲ್ಲಿ ಕೂತರು.

1937ರಲ್ಲಿ ಹಿಲ್ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಲೇಖನಮಾಲೆ ಬರೆದರು, ವೈದ್ಯರಿಗಾಗಿ ಸಂಖ್ಯಾಶಾಸ್ತ್ರ. ಅದೇ ವರ್ಷ ಪುಸ್ತಕವಾಗಿ ಬಂದು ಅರ್ಧ ಶತಮಾನ ಮರುಮುದ್ರಣ ಕಂಡಿತು. ಅದರಲ್ಲಿ ಒಂದು ತಮಾಷೆ ಇದೆ. ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಅದೃಷ್ಟದ ಮೇಲೆ ಎರಡು ಗುಂಪು ಮಾಡಬೇಕು ಅನ್ನುವುದು ಹಿಲ್‌ಗೆ ಆಗಲೇ ಗೊತ್ತಿತ್ತು. ಫಿಶರ್ ಅದನ್ನು ಗದ್ದೆ ಹೊಲಗಳ ಪ್ರಯೋಗದಲ್ಲಿ ಬಳಸಿ ತೋರಿಸಿದ್ದರು. ಆದರೆ ಪುಸ್ತಕದಲ್ಲಿ ಹಿಲ್ ಆ ಪದವನ್ನೇ ಬಿಟ್ಟುಬಿಟ್ಟರು. ಒಬ್ಬರಿಗೆ ಹೊಸದು, ಮುಂದಿನವರಿಗೆ ಹಳೆಯದು, ಹೀಗೆ ಸರತಿಯಲ್ಲಿ ಕೊಡಿ, ಸದ್ಯಕ್ಕೆ ಅಷ್ಟು ಸಾಕು ಅಂದರು. ಯಾಕೆ ಅಂತ ಬಹಳ ವರ್ಷದ ಮೇಲೆ ಅವರೇ ಒಪ್ಪಿಕೊಂಡರು: ಮೊದಲೇ ಅದೃಷ್ಟ ಗಿದೃಷ್ಟ ಅಂದರೆ ಡಾಕ್ಟರುಗಳು ಹೆದರಿ ಓಡಿಹೋಗುತ್ತಾರೆ, ಮೊದಲು ಅಂಗಳಕ್ಕೆ ಬರಲಿ ಅಂತ. ನನಗೆ ಹಿಲ್ ತುಂಬ ಇಷ್ಟವಾಗುವುದು ಇಲ್ಲಿ. ಮಗುವಿಗೆ ಮಾತ್ರೆಯನ್ನು ಬೆಲ್ಲದಲ್ಲಿಟ್ಟು ಕೊಡುವ ಬುದ್ಧಿ ಅದು.

ಸರತಿಯಲ್ಲಿ ಕೊಡುವುದರ ತೊಂದರೆ ಏನು? ಮುಂದಿನವರಿಗೆ ಏನು ಸಿಗುತ್ತದೆ ಅಂತ ಡಾಕ್ಟರಿಗೆ ಗೊತ್ತಿರುತ್ತದೆ. ಮುಂದಿನ ಸರದಿ ಹೊಸ ಔಷಧದ್ದು, ಬಂದವರು ತೀರಾ ಸೋತುಹೋದ ಮುದುಕ. ಡಾಕ್ಟರ್ ಮನಸ್ಸಲ್ಲೇ "ಇವನಿಗೆ ಕೊಟ್ಟರೆ ವ್ಯರ್ಥ" ಅಂದುಕೊಂಡು ಅವನನ್ನು ಪ್ರಯೋಗಕ್ಕೇ ಸೇರಿಸುವುದಿಲ್ಲ. ಅಥವಾ ಮುಂದಿನ ಸರದಿ ಬರಿಗೈಯದ್ದು, ಬಂದವಳು ಎಳೆ ಮಗುವಿನ ತಾಯಿ. ಡಾಕ್ಟರಿಗೆ ಕರುಳು ಚುರುಕ್ ಅನ್ನುತ್ತದೆ, ಸರದಿ ಹಿಂದುಮುಂದಾಗುತ್ತದೆ. ಇಬ್ಬರೂ ಒಳ್ಳೆಯ ಡಾಕ್ಟರುಗಳೇ. ಆದರೆ ಕೊನೆಯಲ್ಲಿ ಎರಡು ಗುಂಪು ಒಂದೇ ತರದವಾಗಿರುವುದಿಲ್ಲ. ನ್ಯುಮೋನಿಯಾಕ್ಕೆ ಸೀರಂ ಕೊಟ್ಟು ನೋಡಿದ ಬ್ರಿಟನ್ನಿನ ಪ್ರಯೋಗವೊಂದರ ವರದಿ 1934ರಲ್ಲಿ ಬಂದಿತ್ತು. ಅದರಲ್ಲಿ ಸರದಿ ಸರಿಯಾಗಿ ಪಾಲನೆಯಾಗಿಲ್ಲ ಅನ್ನುವುದನ್ನು ಹಿಲ್ ಕಣ್ಣಾರೆ ಕಂಡಿದ್ದರು. ಹಾಗಾಗಿ ಅವರಿಗೆ ಬೇಕಾಗಿದ್ದದ್ದು ಲೆಕ್ಕದ ಸೂತ್ರವಲ್ಲ, ಒಂದು ಲಕೋಟೆ.

ಆ ಲಕೋಟೆಗೆ ಸಮಯ ಬಂದದ್ದು ಸ್ಟ್ರೆಪ್ಟೋಮೈಸಿನ್ ಜೊತೆ. 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ, ಸೆಲ್ಮನ್ ವಾಕ್ಸ್‌ಮನ್ ಪ್ರಯೋಗಾಲಯದಲ್ಲಿ, ಆಲ್ಬರ್ಟ್ ಶಾಟ್ಸ್ ಎಂಬ ಹುಡುಗ ಮಣ್ಣಿನ ಜೀವಿಯೊಂದರಿಂದ ಅದನ್ನು ಬೇರ್ಪಡಿಸಿದ. (ನೊಬೆಲ್ ಮಾತ್ರ 1952ರಲ್ಲಿ ವಾಕ್ಸ್‌ಮನ್ ಒಬ್ಬರಿಗೇ ಹೋಯಿತು. ಅದು ಬೇರೆಯೇ ಒಂದು ರಾಮಾಯಣ.) ಪ್ರಯೋಗಾಲಯದಲ್ಲಿ ಕ್ಷಯದ ರೋಗಾಣುವನ್ನು ಅದು ಕೊಲ್ಲುತ್ತಿತ್ತು. ಮನುಷ್ಯರಲ್ಲಿ? ಕ್ಷಯ ಒಂದು ವಿಚಿತ್ರ ರೋಗ, ಕೆಲವರು ತಾವಾಗೇ ಗುಣವಾಗುತ್ತಾರೆ, ಹಿಲ್ ಆದ ಹಾಗೆ. ಹಾಗಾಗಿ ಯಾವ ಔಷಧ ಕೊಟ್ಟರೂ ಕೆಲವರು ಗುಣವಾಗಿ, ಆ ಔಷಧಕ್ಕೆ ಹೆಸರು ಬರುತ್ತದೆ. ಅದಕ್ಕೆ ಮೊದಲು ಚಿನ್ನದ ಲವಣದ ಇಂಜೆಕ್ಷನ್ ಎಂಬ ಚಿಕಿತ್ಸೆ ಯುರೋಪಿನಲ್ಲೆಲ್ಲ ಹಬ್ಬಿತ್ತು. ಅಮೆರಿಕದಲ್ಲಿ 24 ರೋಗಿಗಳನ್ನು ಎರಡು ಗುಂಪು ಮಾಡಿ, ಯಾವ ಗುಂಪಿಗೆ ಚಿನ್ನ ಅಂತ ನಾಣ್ಯ ಚಿಮ್ಮಿ ನೋಡಿದರು. 1931ರಲ್ಲಿ ಬಂದ ಫಲಿತಾಂಶ: ಚಿನ್ನದಿಂದ ಲಾಭವಿಲ್ಲ, ಹಾನಿಯೇ. ಅಲ್ಲಿಯ ತನಕ ದೊಡ್ಡ ದೊಡ್ಡ ಡಾಕ್ಟರುಗಳು ತಮ್ಮ ಅನುಭವದ ಮೇಲೆ ಪ್ರಮಾಣ ಮಾಡುತ್ತಿದ್ದರು.

ಯುದ್ಧ ಮುಗಿದ ಬ್ರಿಟನ್ನಿನಲ್ಲಿ ಡಾಲರಿಗೆ ಬರ. ಮೆಡಿಕಲ್ ರಿಸರ್ಚ್ ಕೌನ್ಸಿಲ್‌ಗೆ ಅಮೆರಿಕದಿಂದ ತರಿಸಲು ಆಗಿದ್ದು ಸುಮಾರು 50 ಕಿಲೋ ಸ್ಟ್ರೆಪ್ಟೋಮೈಸಿನ್. ಇಡೀ ದೇಶದ ಕ್ಷಯರೋಗಿಗಳಿಗೆ ಅದು ಎಲ್ಲಿ ಮುಟ್ಟೀತು! ಮೊದಲು ಮಿದುಳುಪೊರೆಯ ಕ್ಷಯಕ್ಕೆ ಮತ್ತು ದೇಹಕ್ಕೆಲ್ಲ ಹರಡಿದ ಕ್ಷಯಕ್ಕೆ ಕೊಡುವುದು ಅಂತ ತೀರ್ಮಾನವಾಯಿತು, ಯಾಕೆಂದರೆ ಅವು ಬಂದವರು ಸಾಯುವುದು ಖಚಿತ. ಉಳಿದದ್ದರಲ್ಲಿ ಶ್ವಾಸಕೋಶದ ಕ್ಷಯದವರಿಗೆ ಎಲ್ಲರಿಗೂ ಕೊಡಲು ಸಾಧ್ಯವೇ ಇಲ್ಲ. ಹೇಗೂ ಹೆಚ್ಚಿನವರಿಗೆ ಸಿಗುವುದಿಲ್ಲ ಅಂದ ಮೇಲೆ, ಯಾರಿಗೆ ಸಿಗಬೇಕು ಅನ್ನುವುದನ್ನು ಶಿಫಾರಸಿಗೆ ಬಿಡದೆ ಚೀಟಿಗೆ ಬಿಡೋಣ, ಅದರಿಂದ ಒಂದು ಸತ್ಯವಾದರೂ ಸಿಗಲಿ ಎಂಬುದು ಹಿಲ್ ಮತ್ತು ಜೊತೆಯವರ ವಾದ. ಈ ಪರಿಸ್ಥಿತಿಯಲ್ಲಿ ಪ್ರಯೋಗ ಮಾಡದೇ ಇರುವುದೇ ತಪ್ಪಾಗುತ್ತಿತ್ತು ಅಂತ ಹಿಲ್ ಕೊನೆಯವರೆಗೂ ಹೇಳಿದರು. ಔಷಧ ಹೇರಳವಾಗಿ ಇದ್ದಿದ್ದರೆ ಈ ಪ್ರಯೋಗಕ್ಕೆ ಡಾಕ್ಟರುಗಳು ಒಪ್ಪುತ್ತಿದ್ದರೇ? ನನಗೆ ಅನುಮಾನ. ಬಡತನವೂ ಕೆಲವೊಮ್ಮೆ ವಿಜ್ಞಾನಕ್ಕೆ ದಾರಿ ಮಾಡುತ್ತದೆ. ಪ್ರಭಾವ ಇದ್ದವರ ದಾರಿ ಬೇರೆ ಇದ್ದೇ ಇತ್ತು: ಲೇಖಕ ಜಾರ್ಜ್ ಆರ್ವೆಲ್‌ಗೆ 1948ರಲ್ಲಿ ಗೆಳೆಯ ಡೇವಿಡ್ ಆಸ್ಟರ್ ಅಮೆರಿಕದಿಂದಲೇ ಅದನ್ನು ತರಿಸಿಕೊಟ್ಟರು. ಪಾಪ, ಔಷಧ ಅವರ ಮೈಗೆ ಒಗ್ಗಲಿಲ್ಲ, 1950ರ ಜನವರಿಯಲ್ಲಿ ತೀರಿಕೊಂಡರು.

1947ರ ಜನವರಿಯಲ್ಲಿ ರೋಗಿಗಳನ್ನು ಸೇರಿಸುವುದು ಶುರುವಾಯಿತು. ಎಲ್ಲರೂ 15ರಿಂದ 30ರ ಒಳಗಿನವರು, ಎರಡೂ ಕಡೆಯ ಶ್ವಾಸಕೋಶಕ್ಕೆ ಇತ್ತೀಚೆಗೆ ತಗುಲಿ ವೇಗವಾಗಿ ಹಬ್ಬುತ್ತಿರುವ ಕ್ಷಯ, ಗಾಳಿ ತುಂಬುವ ಚಿಕಿತ್ಸೆಗೆ ಒಗ್ಗದವರು. ಅವರಿಗೆ ಆಗ ಇದ್ದದ್ದು ಮಂಚವೊಂದೇ. ಹಿಲ್ ತಮ್ಮ ಮೇಜಿನ ಮೇಲೆ ಅಂಕಿಗಳ ಕೋಷ್ಟಕ ಇಟ್ಟುಕೊಂಡು, ಪ್ರತಿ ಆಸ್ಪತ್ರೆಗೆ, ಗಂಡಸರಿಗೆ ಬೇರೆ ಹೆಂಗಸರಿಗೆ ಬೇರೆ, ಪಟ್ಟಿ ತಯಾರಿಸಿದರು. ಪ್ರತಿಯೊಂದಕ್ಕೂ ಒಂದು ಲಕೋಟೆ. ಹೊರಗೆ ಆಸ್ಪತ್ರೆಯ ಹೆಸರು, ಒಂದು ನಂಬರು, ಅಷ್ಟೆ. ಒಳಗಿನ ಚೀಟಿಯಲ್ಲಿ ಔಷಧ ಅಥವಾ ಬರೀ ಮಂಚ. ಈ ರೋಗಿ ಪ್ರಯೋಗಕ್ಕೆ ತಕ್ಕವನು ಅಂತ ಸಮಿತಿ ಒಪ್ಪಿ, ಆಸ್ಪತ್ರೆಗೆ ಸೇರುವ ಘಟ್ಟ ಬರುವ ತನಕ ಲಕೋಟೆ ಒಡೆಯುವ ಹಾಗಿಲ್ಲ. ಡಾಕ್ಟರಿಗೂ ಗೊತ್ತಿಲ್ಲ, ಸಮಿತಿಗೂ ಗೊತ್ತಿಲ್ಲ. ಇಷ್ಟೇ ವಿಷಯ. ನೋಡಿದರೆ ಎಷ್ಟು ಸಣ್ಣದು ಅನ್ನಿಸುತ್ತದೆ! ಅಂಚೆ ಕಚೇರಿಯಲ್ಲಿ ಸಿಗುವ ಸಾಮಾನು. ಆದರೆ ವೈದ್ಯರ ಕೈಯಿಂದ, ಅವರ ಕರುಣೆಯ ಕೈಯಿಂದ ಕೂಡ, ಆಯ್ಕೆಯನ್ನು ಬಿಡಿಸಿಕೊಂಡದ್ದು ಅದು.

ಔಷಧ ಸಿಕ್ಕವರಿಗೆ ದಿನಕ್ಕೆ 2 ಗ್ರಾಂ, ಆರು ಗಂಟೆಗೊಂದರಂತೆ ನಾಲ್ಕು ಇಂಜೆಕ್ಷನ್, ನಾಲ್ಕು ತಿಂಗಳು. ಸಿಗದವರಿಗೆ ಬರೀ ನೀರಿನ ಇಂಜೆಕ್ಷನ್ ಕೊಟ್ಟು ನಂಬಿಸಲಿಲ್ಲ, ಅಷ್ಟು ಚುಚ್ಚುವುದು ಸರಿಯಲ್ಲ ಅಂತ. ಆದರೆ ತಾವು ಒಂದು ಪ್ರಯೋಗದಲ್ಲಿದ್ದೇವೆ ಅಂತಲೂ ಅವರಿಗೆ ಹೇಳಲಿಲ್ಲ. ಇವತ್ತು ಯಾವ ಎಥಿಕ್ಸ್ ಕಮಿಟಿಯೂ ಇದಕ್ಕೆ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಹಿಲ್ ಬಗ್ಗೆ ಎಷ್ಟು ಗೌರವ ಇದ್ದರೂ ಇದನ್ನು ಓದುವಾಗ ನನಗೆ ಇರುಸುಮುರುಸಾಗುತ್ತದೆ. ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಮಂಚದಲ್ಲಿ ಮಲಗಿ, ಲಕೋಟೆಯಲ್ಲಿ ತನ್ನ ಹೆಸರಿಗೆ ಏನು ಬಂದಿತ್ತು ಅಂತ ಗೊತ್ತೇ ಇಲ್ಲದೆ...

ಎಕ್ಸ್-ರೇ ಫಿಲ್ಮುಗಳನ್ನು ಓದಿದವರಿಗೆ ಯಾರು ಯಾವ ಗುಂಪು ಅಂತ ಗೊತ್ತಿರಲಿಲ್ಲ. ಆರು ತಿಂಗಳಾದಾಗ ಲೆಕ್ಕ ಹೀಗಿತ್ತು: ಔಷಧ ಪಡೆದ 55 ಜನರಲ್ಲಿ ಸತ್ತವರು 4. ಮಂಚ ಮಾತ್ರ ಸಿಕ್ಕ 52 ಜನರಲ್ಲಿ ಸತ್ತವರು 14. ಎಕ್ಸ್-ರೇಯಲ್ಲಿ ಗಣನೀಯ ಸುಧಾರಣೆ ಕಂಡದ್ದು ಮೊದಲ ಗುಂಪಿನಲ್ಲಿ 28 ಜನರಿಗೆ, ಎರಡನೆಯದರಲ್ಲಿ 4 ಜನರಿಗೆ. ಒಟ್ಟು 107 ಜನ. 1948ರ ಅಕ್ಟೋಬರ್ 30ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಬಂತು. ವೈದ್ಯಕೀಯ ಪ್ರಯೋಗಗಳ ಇತಿಹಾಸ ಬರೆಯುವವರೆಲ್ಲ ಇಲ್ಲಿ ಒಂದು ಗೆರೆ ಎಳೆಯುತ್ತಾರೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ವರದಿಯಲ್ಲೇ ಕೆಟ್ಟ ಸುದ್ದಿಯೂ ಇತ್ತು. ಔಷಧ ಪಡೆದವರಲ್ಲಿ 41 ಜನರ ಕಫದ ರೋಗಾಣುಗಳನ್ನು ಪರೀಕ್ಷಿಸಿದಾಗ 35 ಜನರಲ್ಲಿ ಅವು ಔಷಧಕ್ಕೆ ಜಗ್ಗದ ಹಾಗೆ ಬಲಿತುಬಿಟ್ಟಿದ್ದವು. ಮೊದಮೊದಲು ಗೆಲುವಾದವರು ಆಮೇಲೆ ಮತ್ತೆ ಕುಸಿದರು. ಐದು ವರ್ಷ ಕಳೆದು ನೋಡಿದರೆ ಎರಡೂ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇರಲಿಲ್ಲ. ಬೇರೆ ಔಷಧ ಜೊತೆಗೆ ಕೊಟ್ಟರೆ ರೋಗಾಣು ಬಲಿಯುವುದಿಲ್ಲವೇ ಎಂಬ ಮುಂದಿನ ಪ್ರಶ್ನೆಗೆ ಮುಂದಿನ ಪ್ರಯೋಗ. ಪಿ.ಎ.ಎಸ್. ಜೊತೆ ಸ್ಟ್ರೆಪ್ಟೋಮೈಸಿನ್ ಕೊಟ್ಟರೆ ಬಲಿಯುವುದು ಬಹಳ ಕಡಿಮೆ ಅಂತ 1950ರಲ್ಲಿ ತಿಳಿಯಿತು. ಇವತ್ತು ಟಿ.ಬಿ.ಗೆ ಒಂದಕ್ಕಿಂತ ಹೆಚ್ಚು ಮಾತ್ರೆ ಒಟ್ಟಿಗೆ ಕೊಡುತ್ತಾರಲ್ಲ, ಅದರ ಬೇರು ಇಲ್ಲಿದೆ. ಗಮನಿಸಿ, ಎರಡು ಗುಂಪು ಸಮವಾಗಿಲ್ಲದೇ ಇದ್ದಿದ್ದರೆ ಔಷಧ ಎಷ್ಟು ಕೆಲಸ ಮಾಡಿತು, ಎಲ್ಲಿ ಕೈಕೊಟ್ಟಿತು ಅನ್ನುವುದು ಎರಡೂ ತಿಳಿಯುತ್ತಿರಲಿಲ್ಲ. ವರ್ಷಗಟ್ಟಲೆ ಜಗಳ ನಡೆಯುತ್ತಿತ್ತು.

ಈ ನಡುವೆ ಹಿಲ್ ಕೈಗೆ ಇನ್ನೊಂದು ಪ್ರಶ್ನೆ ಬಂದಿತ್ತು, ಲಕೋಟೆ ಕೆಲಸಕ್ಕೆ ಬಾರದಂಥದ್ದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ 1922ರಲ್ಲಿ ಸತ್ತವರು 612, 1947ರಲ್ಲಿ 9,287. ಯಾಕೆ? ಕಾರುಗಳ ಹೊಗೆಯೇ, ರಸ್ತೆಯ ಟಾರೇ? ಜೊತೆಗೆ ಸೇರಿದ ರಿಚರ್ಡ್ ಡಾಲ್ ಎಂಬ ಯುವ ವೈದ್ಯರಿಗೆ ಮೊದಲು ಅನುಮಾನ ಇದ್ದದ್ದು ಟಾರಿನ ಮೇಲೆ. ನೀನು ಬೀಡಿ ಸೇದು, ನೀನು ಸೇದಬೇಡ ಅಂತ ಚೀಟಿ ಎತ್ತಿ ಜನರನ್ನು ಹಂಚುವುದಕ್ಕೆ ಆಗುತ್ತದೆಯೇ? ಹಾಗಾಗಿ ಲಂಡನ್ನಿನ 20 ಆಸ್ಪತ್ರೆಗಳಲ್ಲಿ ಈ ಕ್ಯಾನ್ಸರ್ ಇದ್ದವರು 709 ಜನ, ಅದೇ ವಯಸ್ಸಿನ ಬೇರೆ ಕಾಯಿಲೆಯವರು 709 ಜನ, ಇಬ್ಬರನ್ನೂ ಒಂದೇ ಪ್ರಶ್ನಾವಳಿ ಇಟ್ಟುಕೊಂಡು ಕೇಳಿದರು. ಕ್ಯಾನ್ಸರ್ ಇದ್ದ 649 ಗಂಡಸರಲ್ಲಿ ಹೊಗೆಸೊಪ್ಪು ಸೇದದವರು ಇಬ್ಬರೇ ಇಬ್ಬರು. ಇನ್ನೊಂದು ಗುಂಪಿನ 649ರಲ್ಲಿ 27.

ಇಲ್ಲೊಂದು ಜಾಣತನ ಇದೆ, ಪಾಠ ಮಾಡುವಾಗ ಇದನ್ನು ಹೇಳದೆ ನಾನು ಮುಂದೆ ಹೋಗುವುದಿಲ್ಲ. ಪ್ರಶ್ನೆ ಕೇಳುವವರಿಗೆ "ಇವನಿಗೆ ಕ್ಯಾನ್ಸರ್" ಅಂತ ಗೊತ್ತಿದ್ದರೆ, ಗೊತ್ತಿಲ್ಲದೆಯೇ ಸಿಗರೇಟಿನ ಬಗ್ಗೆ ಸ್ವಲ್ಪ ಕೆದಕಿ ಕೇಳಬಹುದಲ್ಲ? ಇದನ್ನು ಹೇಗೆ ಪರೀಕ್ಷಿಸುವುದು? ಕೆಲವರಿಗೆ ಮೊದಲು ಶ್ವಾಸಕೋಶದ ಕ್ಯಾನ್ಸರ್ ಅಂತ ಹೇಳಿ, ಪ್ರಶ್ನೆ ಎಲ್ಲ ಕೇಳಿ ಆದ ಮೇಲೆ ಅಲ್ಲ ಅಂತ ಗೊತ್ತಾಗಿತ್ತು. ಅವರ ಉತ್ತರಗಳನ್ನು ಹಿಲ್ ಮತ್ತು ಡಾಲ್ ಬೇರೆ ತೆಗೆದು ನೋಡಿದರು. ಕೇಳಿದವರು ಪಕ್ಷಪಾತ ಮಾಡಿದ್ದರೆ ಇವರೂ ಹೆಚ್ಚು ಸೇದುವವರ ಹಾಗೆ ಕಾಣಬೇಕಿತ್ತು. ಕಾಣಲಿಲ್ಲ. ಕ್ಯಾನ್ಸರ್ ಇಲ್ಲದವರ ಹಾಗೇ ಇದ್ದರು. ಆಸ್ಪತ್ರೆಯ ತಪ್ಪು ರೋಗನಿರ್ಣಯವನ್ನೂ ಸಾಕ್ಷಿ ಕಟ್ಟೆಗೆ ತಂದು ನಿಲ್ಲಿಸಿದ ಪರಿ ನೋಡಿ!

ಆದರೂ ಅವಸರ ಮಾಡಲಿಲ್ಲ. ಲಂಡನ್ನಿನ ಆಚೆಗೂ ನೋಡಿ ಅಂತ ಕೌನ್ಸಿಲ್‌ನ ಮುಖ್ಯಸ್ಥರು ಹೇಳಿದರು, ಕಾದರು. ಅಷ್ಟರಲ್ಲಿ ಅಮೆರಿಕದಲ್ಲಿ ವಿಂಡರ್ ಮತ್ತು ಗ್ರಹಾಮ್ ಅದೇ ಬಗೆಯ ವರದಿ ಪ್ರಕಟಿಸಿಬಿಟ್ಟರು. ಹಿಲ್ ಮತ್ತು ಡಾಲ್ ವರದಿ ಬಂದದ್ದು 1950ರ ಸೆಪ್ಟೆಂಬರಿನಲ್ಲಿ. ಅಷ್ಟಕ್ಕೂ ಬಿಡದೆ 1951ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಸುಮಾರು 60 ಸಾವಿರ ವೈದ್ಯರಿಗೆ ಕಾಗದ ಬರೆದರು. ಚಿಕ್ಕ ಪ್ರಶ್ನಾವಳಿ, ನೀವು ಸೇದುತ್ತೀರಾ, ಎಷ್ಟು, ಯಾವಾಗಿನಿಂದ. 40 ಸಾವಿರಕ್ಕೂ ಹೆಚ್ಚು ಜನ ಉತ್ತರಿಸಿದರು. ವೈದ್ಯರನ್ನೇ ಯಾಕೆ? ಅವರ ಹೆಸರು ರಿಜಿಸ್ಟರಿನಲ್ಲಿ ಇರುತ್ತದೆ, ಎಲ್ಲಿಗೆ ಹೋದರೂ ಹುಡುಕಬಹುದು. ಆಮೇಲೆ ಮಾಡಬೇಕಾದ ಕೆಲಸ ಒಂದೇ, ಕಾಯುವುದು. ಯಾರು ಯಾವಾಗ ಯಾತರಿಂದ ಸಾಯುತ್ತಾರೆ ಅಂತ. 1954ರ ಮೊದಲ ವರದಿಯಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರು 36, ಸೇದದವರು ಅವರಲ್ಲಿ ಒಬ್ಬರೂ ಇಲ್ಲ. ಹೆಚ್ಚು ಸೇದಿದಷ್ಟೂ ಹೆಚ್ಚು ಸಾವು. ಡಾಲ್ ಆ ಅಧ್ಯಯನವನ್ನು 50 ವರ್ಷ ಮುಂದುವರಿಸಿದರು. ಜೀವಮಾನವಿಡೀ ಸೇದಿದವರಿಗೆ ಸುಮಾರು ಹತ್ತು ವರ್ಷ ಆಯುಸ್ಸು ಕಡಿಮೆ ಅಂತ 2004ರಲ್ಲಿ ಬರೆದರು.

ವಿರೋಧ ಮಾಡಿದ್ದು ಯಾರು ಗೊತ್ತೇ? ಕಲ್ಕತ್ತಾದಲ್ಲಿ ಶವಪರೀಕ್ಷೆಯ ಮಾತಾಡಿದ ಅದೇ ಫಿಶರ್. (ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರಿಗೆ ಕೇಂಬ್ರಿಜ್‌ನಲ್ಲಿ ಪಿ.ಎಚ್‌ಡಿ. ಗುರು ಕೂಡ ಇವರೇ.) ಚೀಟಿ ಎತ್ತಿ ಹಂಚದೆ ಕಾರಣ ಹೇಳಬೇಡಿ, ಸೇದುವ ಚಟವನ್ನೂ ಕ್ಯಾನ್ಸರನ್ನೂ ಎರಡನ್ನೂ ತರುವ ಯಾವುದೋ ವಂಶವಾಹಿ ಇರಬಹುದು ಅಂದರು. 1950ರ ವರದಿಯಲ್ಲಿ ಕ್ಯಾನ್ಸರ್ ಇದ್ದವರು ಹೊಗೆಯನ್ನು ಒಳಗೆ ಎಳೆದುಕೊಳ್ಳುವುದು ಬೇರೆಯವರಿಗಿಂತ ಕೊಂಚ ಕಡಿಮೆ ಎಂಬ ಅಂಕಿ ಇತ್ತು, ಅದನ್ನೇ ಹಿಡಿದು ಗೇಲಿ ಮಾಡಿದರು. ಫಿಶರ್ ಪೈಪ್ ಸೇದುತ್ತಿದ್ದರು, ತಂಬಾಕು ತಯಾರಕರ ಸಮಿತಿಗೆ ಸಲಹೆಗಾರರೂ ಆಗಿದ್ದರು. ಹಾಗಂತ ದುಡ್ಡಿಗಾಗಿ ಹೇಳಿದರು ಅಂತ ನಾನು ನಂಬುವುದಿಲ್ಲ. ತಾನು ಕಂಡುಹಿಡಿದ ಬೀಗಕ್ಕೆ ತನ್ನ ಕೀಲಿ ಬಿಟ್ಟು ಬೇರೆ ಇಲ್ಲ ಎಂಬ ಹಟ ಅದು. ಹಿಲ್ ಹಾಗಲ್ಲ. ಲಕೋಟೆಯನ್ನು ತಂದವರೇ ಅವರಾದರೂ, ಲಕೋಟೆ ಸಾಧ್ಯವಿಲ್ಲದ ಕಡೆ ಬೇರೆ ದಾರಿ ಹುಡುಕಿದರು. 1965ರಲ್ಲಿ, ನಿವೃತ್ತರಾದ ಮೇಲೆ, ಒಂದು ಭಾಷಣದಲ್ಲಿ ಎರಡು ವಿಷಯ ಜೊತೆಜೊತೆಗೆ ಕಂಡಾಗ ಒಂದು ಇನ್ನೊಂದಕ್ಕೆ ಕಾರಣ ಅನ್ನುವ ಮೊದಲು ಯಾವ ಒಂಬತ್ತು ಕೋನಗಳಿಂದ ನೋಡಬೇಕು ಅಂತ ಹೇಳಿದರು. ನಮ್ಮ ಹುಡುಗರು ಬಾಯಿಪಾಠ ಮಾಡುವ ಪಟ್ಟಿ ಅದೇ. ಅವರು ಅದನ್ನು ನಿಯಮ ಅನ್ನಲೇ ಇಲ್ಲ. ಪಿ ವ್ಯಾಲ್ಯೂ ಹಿಡಿದು ಕುಣಿಯುವವರನ್ನು ಅದೇ ಭಾಷಣದಲ್ಲಿ ಚೆನ್ನಾಗಿ ತರಾಟೆಗೆ ತೆಗೆದುಕೊಂಡಿದ್ದರು. ಆ ಪುಟ ಯಾರೂ ಓದುವುದಿಲ್ಲ.

ಇನ್ನು ನಮ್ಮ ಕಡೆಗೆ ಬರುತ್ತೇನೆ, ಯಾಕೆಂದರೆ ಆ ಲಕೋಟೆ ಹಡಗು ಹತ್ತಿ ಮದ್ರಾಸಿಗೂ ಬಂತು. 1956ರಲ್ಲಿ ಅಲ್ಲಿ ಕ್ಷಯ ಔಷಧ ಚಿಕಿತ್ಸಾ ಕೇಂದ್ರ ಶುರುವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಜೊತೆಗೆ ಹಿಲ್ ಕೆಲಸ ಮಾಡಿದ ಅದೇ ಬ್ರಿಟಿಷ್ ಕೌನ್ಸಿಲ್. ಅಲ್ಲಿಂದ ಬಂದ ವ್ಯಾಲೆಸ್ ಫಾಕ್ಸ್ ಮೊದಲ ನಿರ್ದೇಶಕರು. ಪ್ರಶ್ನೆ ಏನೆಂದರೆ: ಮಾತ್ರೆ ಬಂದಾಯಿತು, ಆದರೂ ರೋಗಿಯನ್ನು ಸ್ಯಾನಟೋರಿಯಂನಲ್ಲಿ ವರ್ಷಗಟ್ಟಲೆ ಇಡಬೇಕೇ? ದೇಶದಲ್ಲಿ ಅಷ್ಟು ಮಂಚಗಳೇ ಇರಲಿಲ್ಲ. ಮದ್ರಾಸಿನ ಬಡ ಕೇರಿಗಳ 193 ರೋಗಿಗಳನ್ನು ಚೀಟಿಯಂತೆ ಹಂಚಿದರು. ಕೆಲವರಿಗೆ ಸ್ಯಾನಟೋರಿಯಂ, ಮಂಚ, ಒಳ್ಳೆ ಊಟ. ಕೆಲವರಿಗೆ ಅದೇ ಐಸೋನಿಯಾಜಿಡ್ ಮತ್ತು ಪಿ.ಎ.ಎಸ್. ಕೊಟ್ಟು ಮನೆಯಲ್ಲೇ ಇರಿ ಅಂದರು. ಮಾತ್ರೆ ನುಂಗುತ್ತಾರೋ ಇಲ್ಲವೋ ಅಂತ ಮೂತ್ರ ಪರೀಕ್ಷೆ ಬೇರೆ. ಮನೆಯವರಿಗೆ ಊಟ ಕಡಿಮೆ, ಜಾಗ ಇಕ್ಕಟ್ಟು, ಮೈ ಬಗ್ಗಿಸಿ ದುಡಿತ. ಆದರೂ ಒಂದು ವರ್ಷದ ಕೊನೆಗೆ ಎರಡು ಗುಂಪಿನ ಫಲಿತಾಂಶ ಹೆಚ್ಚುಕಡಿಮೆ ಒಂದೇ. 1959ರಲ್ಲಿ ಪ್ರಕಟವಾಯಿತು. ಇನ್ನೂ ಮುಖ್ಯವಾದದ್ದು, ರೋಗಿ ಮನೆಯಲ್ಲೇ ಇದ್ದ ಕುಟುಂಬದ ಹೆಂಡತಿ ಮಕ್ಕಳಿಗೆ ರೋಗ ತಗುಲಿದ್ದು, ರೋಗಿಯನ್ನು ದೂರ ಕಳಿಸಿದ ಕುಟುಂಬದವರಿಗಿಂತ ಹೆಚ್ಚೇನೂ ಇರಲಿಲ್ಲ. ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯ ಸಂಸ್ಥೆ ಆರಂಭವಾಗಿ, ಮನೆಯಲ್ಲೇ ಚಿಕಿತ್ಸೆ ಅನ್ನುವ ಮಾದರಿಯ ಮೇಲೆ ದೇಶದ ಕ್ಷಯ ಕಾರ್ಯಕ್ರಮ ರೂಪುಗೊಂಡಿತು. ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕೇಳಿದಾಗ, ರೋಗ ಇದ್ದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಕೆಮ್ಮು ಅಂತ ಆಗಲೇ ಯಾವುದೋ ಆಸ್ಪತ್ರೆಗೆ ಹೋಗಿ ಬಂದಿದ್ದರು. ಜನಕ್ಕೆ ತಿಳಿವಳಿಕೆ ಇಲ್ಲ ಅನ್ನುವ ನಮ್ಮ ಪೇಟೆಯವರ ಹಳೆಯ ರಾಗಕ್ಕೆ 1963ರಲ್ಲೇ ಅಚ್ಚಾಗಿ ಬಂದ ಉತ್ತರ.

ನನ್ನ ಅಜ್ಜಿಯ ತಂಗಿ, ನಾವೆಲ್ಲ ಚಿಕ್ಕಜ್ಜಿ ಅನ್ನುತ್ತಿದ್ದೆವು, ಅವರನ್ನು 1961ರಲ್ಲಿ ಸ್ಯಾನಟೋರಿಯಂ ಒಂದಕ್ಕೆ ಸೇರಿಸಿದರು. ಹದಿನೆಂಟು ತಿಂಗಳು. ನಾಲ್ಕು ವರ್ಷದ ಮಗ ನಮ್ಮ ಅಜ್ಜಿಯ ಮನೆಯಲ್ಲಿ ಬೆಳೆದ. ನೋಡಲು ಕರೆದುಕೊಂಡು ಹೋದಾಗ ಬೇಲಿಯ ಆಚೆ ನಿಲ್ಲಿಸಿ ತೋರಿಸುತ್ತಿದ್ದರಂತೆ. ಗುಣವಾಗಿ ಬಂದ ಮೇಲೂ ಚಿಕ್ಕಜ್ಜಿಯ ತಟ್ಟೆ ಲೋಟ ಬೇರೆ, ಅಡಿಗೆಮನೆಯ ಹೊರಗಿನ ಗೂಡಿನಲ್ಲಿ. ಮದ್ರಾಸಿನ ಆ ವರದಿ ಆಗಲೇ ಎರಡು ವರ್ಷ ಹಳೆಯದು. ನಮ್ಮೂರಿಗೆ ಅದು ತಲುಪಿರಲಿಲ್ಲ, ಅವರನ್ನು ಸೇರಿಸಿಕೊಂಡವರಿಗೂ ತಲುಪಿರಲಿಲ್ಲವೋ ಏನೋ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ವರದಿಯನ್ನು ಮೊದಲ ಸಲ ಓದಿದಾಗ, ಕುಟುಂಬದವರ ಬಗ್ಗೆ ಬರೆದ ಭಾಗ ಬಂದ ಕೂಡಲೇ ನಾನು ಎದ್ದು ಹೊರಗೆ ಹೋಗಿ ಕಾಫಿ ಕುಡಿದು ಬಂದೆ. ಕೋಷ್ಟಕ ಓದಿ ಕಣ್ಣು ಒದ್ದೆಯಾಗುವುದು ನನ್ನ ಕೆಲಸದಲ್ಲಿ ದಿನಾ ಆಗುವಂಥದ್ದಲ್ಲ. ಆ ಮಗನಿಗೆ, ಅಂದರೆ ನಮ್ಮ ಮಾವನಿಗೆ, ಇದನ್ನು ಹೇಳಿದ್ದೇನೆ. "ಹಾಗಾದ್ರೆ ಅಮ್ಮನ ಜೊತೆಗೇ ಇರಬಹುದಿತ್ತಾ?" ಅಂದರು. ಇರಬಹುದಿತ್ತು ಮಾವ ಅಂದೆ. ಆಮೇಲೆ ಅವರು ಬೇರೆ ಮಾತು ತೆಗೆದರು.

ಹಿಲ್ 1961ರಲ್ಲಿ ನಿವೃತ್ತರಾದರು, ಅದೇ ವರ್ಷ ಸರ್ ಪದವಿ ಬಂತು. ತೀರಿಕೊಂಡದ್ದು 1991ರ ಏಪ್ರಿಲ್ 18ರಂದು, 93ನೆಯ ವಯಸ್ಸಿನಲ್ಲಿ.

ಪೆನ್ ಡ್ರೈವ್ ತಂದ ಹುಡುಗಿಯ ಥೀಸಿಸ್ ಪಾಸಾಯಿತು. ಈಗ ಅವಳೂ ಒಂದು ಕಡೆ ಪಾಠ ಮಾಡುತ್ತಾಳೆ. ಹೋದ ತಿಂಗಳು ಫೋನ್ ಮಾಡಿದ್ದಳು, ತನ್ನ ವಿದ್ಯಾರ್ಥಿಯೊಬ್ಬ ಹೊಸ ಅಧ್ಯಯನ ಶುರು ಮಾಡುತ್ತಿದ್ದಾನಂತೆ, ರೋಗಿಗಳನ್ನು ಇನ್ನೂ ಸೇರಿಸಿಲ್ಲವಂತೆ. "ಸಾರ್, ಲಕೋಟೆ ಎಷ್ಟು ತರಿಸಲಿ?" ಅಂತ ಕೇಳಿದಳು.